ಎರಡು ಮೂಗಿನ ಫೋಟೋ

ಶನಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಸ್ಥಳ: ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಮನೆಯ ಊಟದ ಮೇಜು. ಹಾಜರಿದ್ದವರು: ನಾನು, ನನ್ನ ಹೆಂಡತಿ, ಹೆಂಡತಿಯ ತಂಗಿ, ಆ ತಂಗಿಯ ಗಂಡ. ಮೇಜಿನ ನಡುವೆ, ಒಗೆದು ಮಡಿಸಿದ ಬಿಳಿ ಟವೆಲಿನ ಮೇಲೆ, ಆಪರೇಷನ್ನಿಗೆ ಮಲಗಿಸಿದ ರೋಗಿಯ ಹಾಗೆ, ಸೋಪಿನ ಪೆಟ್ಟಿಗೆಯಷ್ಟು ದೊಡ್ಡದೊಂದು ಡಿಜಿಟಲ್ ಕ್ಯಾಮೆರಾ.

ಹೆಂಡತಿಯ ತಂಗಿಯ ಗಂಡ ಅಂದರೆ ನನಗೆ ಷಡ್ಡಕರು. ನ್ಯೂಜೆರ್ಸಿಯಲ್ಲಿ ಫೋಟೋ ತೆಗೆಯುವ ಕನ್ನಡಿಗರಿಗೇನು ಬರವೇ? ಮನೆಗೆ ನಾಲ್ಕು ಮಂದಿ ಇದ್ದಾರೆ. ಆದರೆ ಫೋಟೋ ತೆಗೆಯುವ ಮುಂಚೆ ಕ್ಯಾಮೆರಾಕ್ಕೆ 'ಏಳಪ್ಪ, ಎದ್ದೇಳು' ಅಂತ ಹೇಳಿ, ತೆಗೆದಾದ ಮೇಲೆ 'ಸಾಕು, ಮಲಗು' ಅಂತ ಬೆನ್ನು ತಟ್ಟಿ ಚೀಲಕ್ಕೆ ಹಾಕುವವರು ಇಡೀ ರಾಜ್ಯಕ್ಕೆ ನಮ್ಮ ಷಡ್ಡಕರೊಬ್ಬರೇ! ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅಂತಲ್ಲ. ಹೇಳಿದರೆ ನಿಮ್ಮ ಮನೆಯ ಮುಂದಿನ ಸಮಾರಂಭಕ್ಕೆ ಕ್ಯಾಮೆರಾ ಹಿಡಿದು ಬಂದುಬಿಡುತ್ತಾರೆ ಅಂತ.

ಅವರ ಜೇಬಿನಲ್ಲೂ ಒಳ್ಳೆಯ ಫೋನಿದೆ. ಮಗಳು ಕೊಡಿಸಿದ್ದು, ಬೆನ್ನಿನಲ್ಲಿ ಮೂರು ಕಣ್ಣು. ಆದರೆ ಅದರಲ್ಲಿ ಒಂದೇ ಒಂದು ಫೋಟೋ ತೆಗೆದವರಲ್ಲ. ಯಾಕೆ ಅಂತ ಕೇಳಿ ನೋಡಿ.

"ಭಾವ, ಫೋನಿರೋದು ಮಾತಾಡೋಕೆ. ಬಾಯಲ್ಲಿ ಯಾರಾದ್ರೂ ನೋಡ್ತಾರಾ?"

ತಮ್ಮ ಹೆಂಡತಿ ಕರೆಯುವ ಹಾಗೆ ಅವರೂ ನನ್ನನ್ನು ಭಾವ ಅನ್ನುತ್ತಾರೆ. ಈ ಪ್ರಶ್ನೆಗೆ ನಾನು ಇಂದಿನವರೆಗೆ ಉತ್ತರ ಕೊಟ್ಟಿಲ್ಲ. ನಿಮಗೆ ಹೊಳೆದರೆ ನೀವೇ ಕೊಡಿ.

ಈಚೆಗೆ ಅವರಿಗೆ ಇನ್ನೊಂದು ಬಲ ಬಂದಿದೆ. ಹೈಸ್ಕೂಲು, ಕಾಲೇಜಿನ ಹುಡುಗಿಯರು ಅಪ್ಪ ಅಮ್ಮನ ಡ್ರಾಯರು ಕೆದಕಿ ಇಂಥದೇ ಹಳೆಯ ಪುಟ್ಟ ಕ್ಯಾಮೆರಾಗಳನ್ನು ಹುಡುಕುತ್ತಿದ್ದಾರಂತೆ. ಪಾರ್ಟಿಗೆ ಅದನ್ನೇ ಒಯ್ಯುವುದು ಈಗಿನ ಫ್ಯಾಷನ್ನಂತೆ. ಮೊಮ್ಮಗಳು ಒಂದು ದಿನ, "ತಾತಾ, ಕ್ಯಾನ್ ಐ ಬಾರೋ ಯುವರ್ ಕ್ಯಾಮೆರಾ?" ಅಂದಳು. ಅಷ್ಟೇ! ಷಡ್ಡಕರು ಆ ಕ್ಷಣವೇ ನನಗೆ ಫೋನ್ ಮಾಡಿದರು.

"ನೋಡಿದ್ರಾ ಭಾವ? ಎಲ್ರೂ ಇವನು ಹಿಂದೆ ಉಳಿದುಬಿಟ್ಟ ಅಂದ್ರು. ನಾನು ಹಿಂದೆ ಉಳಿದವನಲ್ಲ. ಮುಂದೆ ಹೋಗಿ ಇವರೆಲ್ಲ ಬರಲಿ ಅಂತ ಕಾಯ್ತಾ ಇದ್ದೆ!"

"ಸರಿ, ಮೊಮ್ಮಗಳಿಗೆ ಕೊಟ್ರಾ?"

"ಛೆ ಛೆ! ಕ್ಯಾಮೆರಾನ ಯಾರಾದ್ರೂ ಕೊಡ್ತಾರಾ?"

ಈಗ ಶನಿವಾರದ ಸಂಗತಿಗೆ ಬರುತ್ತೇನೆ. ನಮ್ಮಲ್ಲಿ ವಯಸ್ಸಾದ ಕನ್ನಡಿಗರದೊಂದು ಸಣ್ಣ ಗುಂಪಿದೆ. ತಿಂಗಳಿಗೊಮ್ಮೆ ಟೌನ್‌ಶಿಪ್ಪಿನ ಕಮ್ಯುನಿಟಿ ಹಾಲಿನಲ್ಲಿ ಸೇರಿ ಬಿಸಿಬೇಳೆ ಭಾತು, ಮೊಸರನ್ನ ಮತ್ತು ಶುಗರ್ ರಿಪೋರ್ಟುಗಳನ್ನು ಹಂಚಿಕೊಳ್ಳುತ್ತೇವೆ. ಗುಂಪು ಹುಟ್ಟಿದಂದಿನಿಂದ ಅದರ ಫೋಟೋ ತೆಗೆಯುವ ಪಟ್ಟ ಷಡ್ಡಕರದು. ಯಾರೂ ಕೊಟ್ಟದ್ದಲ್ಲ, ಅವರೇ ತೆಗೆದುಕೊಂಡದ್ದು. ಆದರೂ ಪಟ್ಟ ಪಟ್ಟವೇ. ಅಂಥವರ ಫೋಟೋಗಳು ಈ ವರ್ಷ ಯಾಕೋ ಅಲ್ಲಾಡತೊಡಗಿದವು. ಯುಗಾದಿ ಊಟದ ಫೋಟೋದಲ್ಲಿ ಒಬ್ಬೊಬ್ಬರಿಗೂ ಎರಡೆರಡು ಮೂಗು! ನೋಡಿದವರೊಬ್ಬರು, "ಅವತ್ತು ಇಷ್ಟೊಂದು ಜನ ಬಂದಿದ್ರಾ?" ಅಂದರು. ಮುಂದಿನ ತಿಂಗಳದು ಇನ್ನೂ ಕೆಟ್ಟದಾಗಿ ಬಂತು. ನನ್ನ ಹೆಂಡತಿ ತನ್ನ ಸೀರೆಯ ಬಣ್ಣ ನೋಡಿ ತನ್ನನ್ನು ತಾನು ಗುರುತಿಸಿದಳು.

ಗುಂಪಿನ ಉಸ್ತುವಾರಿ ನೋಡಿಕೊಳ್ಳುವ ಒಬ್ಬ ಹುಡುಗಿ ಇದ್ದಾಳೆ. ಹುಡುಗಿ ಅಂದರೆ ನಲವತ್ತು ದಾಟಿದವಳೇ, ನಮಗೆ ಹುಡುಗಿ. ಅವಳು ಶುಕ್ರವಾರ ಷಡ್ಡಕರಿಗೆ ಫೋನ್ ಮಾಡಿ ಬಹಳ ವಿನಯದಿಂದ ಹೇಳಿದಳಂತೆ: "ಅಂಕಲ್, ನಾಳೆ ನೀವು ಆರಾಮಾಗಿ ಕೂತು ಎಂಜಾಯ್ ಮಾಡಿ. ಫೋಟೋ ನನ್ನ ಹಸ್ಬೆಂಡ್ ಫೋನಲ್ಲಿ ತೆಗೀತಾರೆ."

ಈ ಶನಿವಾರದ್ದು ಮಾಮೂಲಿ ಸಭೆಯಲ್ಲ. ನಮ್ಮ ಗುಂಪಿನ ಧಾರವಾಡದ ದಂಪತಿ ಈ ಊರು ಬಿಟ್ಟು ಟೆಕ್ಸಸ್ಸಿನಲ್ಲಿರುವ ಮಗಳ ಹತ್ತಿರ ಹೋಗುತ್ತಿದ್ದಾರೆ. ಸಂಜೆ ನಾಲ್ಕಕ್ಕೆ ಅವರಿಗೆ ಬೀಳ್ಕೊಡುಗೆ. ಈ ಗುಂಪು ಪೂರ್ತಿಯಾಗಿ ನಿಲ್ಲುವ ಕಡೆಯ ಫೋಟೋ ಅದು. ಷಡ್ಡಕರು ಹುಡುಗಿಯ ಹತ್ತಿರ ವಾದ ಮಾಡಿ ಒಂದು ಅವಕಾಶ ಗಿಟ್ಟಿಸಿದರು. ಮೊದಲು ಅವರು ತೆಗೆಯುವುದು, ಚೆನ್ನಾಗಿ ಬರದಿದ್ದರೆ ಅಲ್ಲೇ, ಅವರ ಕಣ್ಣೆದುರೇ, ಫೋನಿನವರು ತೆಗೆಯುವುದು.

"ಇವತ್ತು ಅಲ್ಲಾಡಿದ್ರೆ ನನ್ನ ಕೆಲಸ ಹೋಯ್ತು ಭಾವ" ಅಂದರು ಷಡ್ಡಕರು. ಅವರು ಆಫೀಸಿನಿಂದ ರಿಟೈರ್ ಆದ ದಿನವೂ ಈ ಮುಖ ಮಾಡಿರಲಿಲ್ಲ.

ನನಗೆ ಕ್ಯಾಮೆರಾ ಗೊತ್ತಿಲ್ಲ. ಆದರೆ ಪ್ರಿನ್ಸ್‌ಟನ್ ಹತ್ತಿರದ ಔಷಧಿ ಕಂಪನಿಯೊಂದರ ಪರೀಕ್ಷಾ ವಿಭಾಗದಲ್ಲಿ ನೌಕರಿ ಸವೆಸಿದವನು. ಅಲ್ಲಿ ಕಲಿತದ್ದು ಒಂದೇ ನಿಯಮ. ದೋಷ ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಉಳಿದದ್ದನ್ನು ಮುಟ್ಟಬಾರದು. ಷಡ್ಡಕರದು ಇದಕ್ಕೆ ಪೂರ್ತಿ ಉಲ್ಟಾ. ಇರುವ ಗುಂಡಿಗಳನ್ನೆಲ್ಲ ಒಟ್ಟಿಗೆ ಒತ್ತಿ, ಯಾವುದಕ್ಕೆ ನಾಚಿಕೆಯಾಗುತ್ತದೋ ನೋಡುವುದು! ಆದ್ದರಿಂದ ಮೊದಲಿಗೇ ಹೇಳಿದೆ: "ನಾನು ಹೇಳುವ ತನಕ ಕೈ ಕಟ್ಟಿ ಕೂತಿರಿ."

"ಏಳಪ್ಪ" ಅಂದೆವು. ಕ್ಯಾಮೆರಾ ಏಳಲಿಲ್ಲ.

"ಬ್ಯಾಟರಿ ಇದೆಯಾ?"

"ಅಯ್ಯೋ, ಅದು ಫ್ರಿಜ್ಜಲ್ಲಿದೆ."

"ಕ್ಯಾಮೆರಾದ ಬ್ಯಾಟರಿಗೂ ಫ್ರಿಜ್ಜಿಗೂ ಏನ್ರೀ ಸಂಬಂಧ?"

"ಕೆಡಬಾರದಲ್ಲ!"

ನಾದಿನಿ, ಅಂದರೆ ಅವರ ಹೆಂಡತಿ, ತನ್ನ ಕೈಚೀಲದಿಂದ ಜಿಪ್ ಇರುವ ಪ್ಲಾಸ್ಟಿಕ್ ಕೊಟ್ಟೆಯೊಂದನ್ನು ತೆಗೆದಳು. "ಮರೀತಾರೆ ಅಂತ ನಾನೇ ತಂದೆ. ಹೋದ ವಾರ ಇದನ್ನ ಕರಿಬೇವು ಅಂದ್ಕೊಂಡು ಒಗ್ಗರಣೆಗೆ ಬಿಡ್ಸೋಕೆ ಕೂತಿದ್ದೆ ಅಕ್ಕ!"

ಬ್ಯಾಟರಿಯ ಮೈಯೆಲ್ಲ ಬೆವೆತಿತ್ತು. ಅದನ್ನು ಒರೆಸಿ, ಅದರ ಚಳಿ ಬಿಡುವ ತನಕ ಎಲ್ಲರೂ ಕಾಫಿ ಕುಡಿದೆವು. ಮತ್ತೆ ಹಾಕಿದಾಗ ಕ್ಯಾಮೆರಾ ಎದ್ದಿತು. ಲೆನ್ಸು ಅರ್ಧ ಹೊರಗೆ ಬಂದು, 'ಕಿರ್ರ್' ಅಂತ ಹಲ್ಲು ಕಡಿದು, ಅಲ್ಲೇ ನಿಂತಿತು. ಪರದೆಯ ಮೇಲೆ ಲೆನ್ಸ್ ದೋಷ ಅಂತ ಬರಹ.

ಭೂತಗನ್ನಡಿ ಹಿಡಿದು ನೋಡಿದೆ. ಲೆನ್ಸಿನ ಉಂಗುರದ ಸಂದಿಯಲ್ಲಿ ಹಳದಿಯದೇನೋ ಇತ್ತು. ಕ್ಯಾಮೆರಾವನ್ನು ಬೋರಲು ಹಿಡಿದು, ಮೆತ್ತನೆಯ ಬ್ರಷ್ಷಿನಿಂದ ತೀಡಿ, ಎರಡು ಸಲ ಮೆಲ್ಲಗೆ ತಟ್ಟಿದೆ. ಟವೆಲಿನ ಮೇಲೆ ಬಿತ್ತು ನೋಡಿ, ಒಂದು ಅಕ್ಷತೆ ಕಾಳು!

ಷಡ್ಡಕರು ಕಾಳನ್ನು ಬೆಳಕಿಗೆ ಹಿಡಿದು ಪೊಲೀಸರ ಹಾಗೆ ಪರೀಕ್ಷಿಸಿದರು. "ಇದು ಮದುವೆಯದಲ್ಲ."

"ಹೇಗೆ ಹೇಳ್ತೀರಿ?"

"ಸೋನಾ ಮಸೂರಿ. ನಾನು ಕಡೆಗೆ ಹೋದ ಮದುವೆಯ ಹುಡುಗ ಪಂಜಾಬಿ. ಅವರ ಕಡೆಯವರು ನಮ್ಮ ಪದ್ಧತಿ ಚೆನ್ನಾಗಿರಲಿ ಅಂತ ಬಾಸ್ಮತಿಗೆ ಅರಿಶಿನ ಹಚ್ಚಿ ತಂದಿದ್ರು. ಇದು ನಮ್ಮನೆ ಆಯುಧ ಪೂಜೇದೇ!"

ಅವರ ಮನೆಯ ಆಯುಧ ಪೂಜೆಯನ್ನು ನೀವು ನೋಡಬೇಕು. ಬೇಸ್‌ಮೆಂಟಿನಲ್ಲಿ ಕಾರಿನ ಕೀಲಿ, ಹುಲ್ಲು ಕತ್ತರಿಸುವ ಯಂತ್ರ, ಸ್ನೋ ಬ್ಲೋಯರು, ಇವುಗಳ ಮುಂದೆ ಮಣೆಯ ಮೇಲೆ ಕ್ಯಾಮೆರಾ. ಒಂದು ವರ್ಷ ಭಕ್ತಿ ಹೆಚ್ಚಾಗಿ ಗಂಧ, ಕುಂಕುಮವನ್ನು ನೇರವಾಗಿ ಲೆನ್ಸಿಗೇ ಇಟ್ಟರು. ನಾದಿನಿ, "ರೀ, ಕುಂಕುಮ ಹಣೆಗಿಡಬೇಕು, ಕಣ್ಣಿಗಲ್ಲ" ಅಂದಳು. "ಕ್ಯಾಮೆರಾಕ್ಕೆ ಹಣೆ ಎಲ್ಲಿದೆ ತೋರಿಸು" ಅಂದರು ಇವರು. ತೋರಿಸಲು ಆಗಲಿಲ್ಲ. ಒರೆಸಿದರೂ ಅಂಟು ಪೂರ್ತಿ ಹೋಗದೆ, ಆ ದೀಪಾವಳಿಯ ಎಲ್ಲ ಫೋಟೋಗಳಲ್ಲೂ ನಡುವೆ ಒಂದು ಕೆಂಪು ಛಾಯೆ ಉಳಿಯಿತು. ಪಕ್ಕದ ಮನೆಯ ಅಮೆರಿಕನ್ನರ ನಾಯಿ ಕೂಡ ಕುಂಕುಮ ಇಟ್ಟುಕೊಂಡು ಲಕ್ಷಣವಾಗಿ ಕೂತಿತ್ತು.

ಅಕ್ಷತೆ ಹೋಯಿತು, ಲೆನ್ಸು ಪೂರ್ತಿ ಹೊರಗೆ ಬಂತು. ಕೂಡಲೇ ಪರದೆಯ ಮೇಲೆ ಇನ್ನೊಂದು ಪ್ರಶ್ನೆ. ತಾರೀಖು ಎಷ್ಟು, ಹೊತ್ತು ಎಷ್ಟು?

"ಅದನ್ನ ಲೆಕ್ಕಕ್ಕಿಡಬೇಡಿ ಭಾವ. ಅದು ದಿನಾ ಎದ್ದ ತಕ್ಷಣ ಕೇಳುತ್ತೆ. ವಯಸ್ಸಾಗಿದೆ."

ಬ್ಯಾಟರಿ ತೆಗೆದಿಟ್ಟರೆ ಅದಕ್ಕೆ ತಾನು ಹುಟ್ಟಿದ ವರ್ಷದ ಮೊದಲ ದಿನ ಬಿಟ್ಟು ಬೇರೇನೂ ನೆನಪಿರುವುದಿಲ್ಲ. ಷಡ್ಡಕರು ಮನಸ್ಸಿಗೆ ಬಂದಾಗ ತಾರೀಖು ಸರಿ ಮಾಡುತ್ತಾರೆ, ಬರದಿದ್ದಾಗ ಬಿಡುತ್ತಾರೆ. ಪರಿಣಾಮವಾಗಿ ಅವರ ಆಲ್ಬಮ್ಮಿನಲ್ಲಿ ಮೊಮ್ಮಗಳ ನಾಮಕರಣ ಮೊದಲು, ಮಗಳ ಮದುವೆ ಆಮೇಲೆ! ಫೋಟೋದ ಮೂಲೆಯಲ್ಲಿ ಕಿತ್ತಳೆ ಬಣ್ಣದ ಅಂಕಿಗಳಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ. ಇದನ್ನು ಬೀಗಿತ್ತಿಯವರು ಒಮ್ಮೆ ಕನ್ನಡಕ ಏರಿಸಿ ಓದಿ, ಇಳಿಸಿ, ಮತ್ತೆ ಏರಿಸಿ ಓದಿದರು. ಷಡ್ಡಕರು ಸಮಾಧಾನವಾಗಿ, "ಯೋಚನೆ ಮಾಡಬೇಡಿ, ಇದರ ಪ್ರಕಾರ ನಾನೂ ಇನ್ನೂ ಹುಟ್ಟಿಲ್ಲ" ಅಂದರಂತೆ.

ಇನ್ನು ಲೆನ್ಸಿನ ಧೂಳು. ಒರೆಸಲು ಬಟ್ಟೆ ಎತ್ತಿಕೊಂಡರೆ, ಷಡ್ಡಕರು, "ಸ್ವಲ್ಪ ಉಳಿಸಿ ಭಾವ" ಅಂದರು. ಯಾಕೆ ಅಂತೀರಾ? ಅದೊಂದು ಕಥೆ. ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಸತ್ಯನಾರಾಯಣ ಪೂಜೆ. ಕಾರ್ಪೆಟ್ಟಿನ ಧೂಳು, ಊದುಬತ್ತಿಯ ಹೊಗೆ, ಅದರ ಮೇಲೆ ಇವರ ಫ್ಲಾಷು. ಫೋಟೋ ತುಂಬ ಬಿಳಿ ಬಿಳಿ ಬೆಳಕಿನ ಗುಂಡುಗಳು! ಮನೆಯಾಕೆ ನೋಡಿದವಳೇ ಕಣ್ಣಿಗೊತ್ತಿಕೊಂಡಳು. "ಅಂಕಲ್, ದೇವರು ಬಂದು ಹೋಗಿದ್ದಾನೆ!" ಷಡ್ಡಕರು ಪ್ರಾಮಾಣಿಕರು. "ಇಲ್ಲಮ್ಮ, ಧೂಳು. ಮನೇಲಿ ವ್ಯಾಕ್ಯೂಮ್ ಮಾಡಿಸು" ಅಂದುಬಿಟ್ಟರು. ಆಕೆಗೆ ಬಂದ ಸಿಟ್ಟಿಗೆ ಪ್ರಸಾದದ ಸಜ್ಜಿಗೆ ಎರಡನೇ ಸಲ ಬಡಿಸಲಿಲ್ಲ. ಆದರೆ ಫೋಟೋಗೆ ಕಟ್ಟು ಹಾಕಿಸಿ ದೇವರ ಮನೆಯಲ್ಲಿಟ್ಟಳು. ಆಮೇಲೆ ಅಕ್ಕಪಕ್ಕದ ಊರುಗಳಿಂದ ಷಡ್ಡಕರಿಗೆ ಪೂಜೆಯ ಆಹ್ವಾನಗಳು ಬರತೊಡಗಿದವು. ಎಲ್ಲರದೂ ಒಂದೇ ವಿನಂತಿ: "ಅಂಕಲ್, ದಯವಿಟ್ಟು ಕ್ಯಾಮೆರಾ ಕ್ಲೀನ್ ಮಾಡ್ಕೊಂಡು ಬರಬೇಡಿ."

ನಾನು ಪೂರ್ತಿ ಒರೆಸಿದೆ. ಬೀಳ್ಕೊಡುಗೆಗೆ ದೇವರು ಗುಂಡಾಗಿ ಬರಬೇಕಾಗಿಲ್ಲ.

ಈಗ ಅಸಲು ರೋಗ, ಅಲ್ಲಾಡುವುದು. ಪರದೆಯ ಮೂಲೆಯಲ್ಲಿ ಸಣ್ಣದೊಂದು ಹೂವಿನ ಗುರುತು ಕಂಡಿತು.

"ಇದೇನಿದು ಹೂವು?"

"ಅದು ಇರಲಿ ಭಾವ, ಶುಭ. ಯುಗಾದಿಗೆ ಹಾಕಿದ್ದು."

ಹೂವಿನ ಗುರುತು ಇರುವುದು ಹೂವನ್ನು ಮೂಗಿನ ಹತ್ತಿರ ಹಿಡಿದು ತೆಗೆಯುವುದಕ್ಕೆ. ದೂರ ನಿಂತ ನಲವತ್ತು ಜನರನ್ನು ಅದರಲ್ಲಿ ತೆಗೆದರೆ ಮಸುಕಾಗದೆ ಇನ್ನೇನಾದೀತು? ಕ್ಯಾಮೆರಾದ ಕೈಪಿಡಿ ತೆರೆದು ತೋರಿಸಿದೆ. ಷಡ್ಡಕರು ಮೇಜು ಕುಟ್ಟಿದರು. "ಸಿಕ್ಕಿಬಿತ್ತು ಕಳ್ಳ! ಇದೇ, ಇದೇ ಭಾವ!" ಅಂತ ಎದ್ದು ನಿಂತು ಹೆಂಡತಿಯ ಕೈಕುಲುಕಿದರು. ಅವಳೂ ಕುಲುಕಿದಳು. ನನ್ನ ಹೆಂಡತಿ ಸಂತೋಷಕ್ಕೆ ಇನ್ನೊಂದು ಸುತ್ತು ಕಾಫಿ ಇಟ್ಟಳು.

ಪರೀಕ್ಷೆ ಮಾಡದೆ ನಾನು ಯಾವುದನ್ನೂ ಪಾಸು ಮಾಡಿದವನಲ್ಲ. ಗೋಡೆಯ ಮೇಲೆ ಬೆಂಗಳೂರಿನಿಂದ ತರಿಸಿದ ಕ್ಯಾಲೆಂಡರಿದೆ. ಅದರ ಒಂದೊಂದು ಚೌಕದಲ್ಲೂ ತಿಥಿ, ನಕ್ಷತ್ರ, ರಾಹುಕಾಲ, ಇರುವೆ ಸಾಲಿನಂಥ ಅಕ್ಷರ. "ಇಲ್ಲಿ ನಿಂತು ಅದನ್ನು ತೆಗೆಯಿರಿ. ಅಕ್ಷರ ಓದಲಿಕ್ಕೆ ಬಂದರೆ ಪಾಸು" ಅಂದೆ.

ಹೂವು ತೆಗೆದು ಹಾಕಿದ ಷಡ್ಡಕರು ಫೋಟೋ ತೆಗೆದರು. ದೊಡ್ಡದು ಮಾಡಿ ನೋಡಿದೆವು. ಇರುವೆಗಳು ಮದುವೆ ಮೆರವಣಿಗೆ ಹೊರಟಿದ್ದವು.

"ನಡುಕ ತಡೆಯೋ ಸ್ವಿಚ್ಚು ಆಫ್ ಆಗಿರಬೇಕು" ಅಂದರು. ನೋಡಿದೆ. ಆನ್ ಇತ್ತು. "ಬೆಳಕು ಸಾಲದು" ಅಂದರು. ಕಿಟಕಿಯ ಪರದೆಗಳನ್ನೆಲ್ಲ ಸರಿಸಿದೆ. ಮತ್ತೆ ಮೆರವಣಿಗೆ. "ಕಾರ್ಡು ಹಳೇದು" ಅಂದರು. ನನ್ನ ಹತ್ತಿರವಿದ್ದ ಹೊಸ ಕಾರ್ಡು ಹಾಕಿದೆ. ಮತ್ತೂ ಮೆರವಣಿಗೆ.

ಈಗ ಬದಲಾಯಿಸದೆ ಉಳಿದದ್ದು ಒಂದೇ. ಕ್ಯಾಮೆರಾ ಇಸಿದುಕೊಂಡು, ಅವರು ನಿಂತಲ್ಲೇ ನಿಂತು, ನಾನು ಒತ್ತಿದೆ.

ನನ್ನ ಹೆಂಡತಿ ಭುಜದ ಮೇಲಿಂದ ಬಗ್ಗಿ ಓದಿದಳು: "ಶನಿವಾರ, ರಾಹುಕಾಲ ಒಂಬತ್ತರಿಂದ ಹತ್ತೂವರೆ. ಅಯ್ಯೋ, ರಾಹುಕಾಲದಲ್ಲೇ ರಿಪೇರಿಗೆ ಕೂತಿದ್ದೀರಲ್ರೀ! ಹೇಗೆ ಸರಿಹೋಗುತ್ತೆ?"

ಅಕ್ಷರಗಳು ಕೆತ್ತಿದ ಹಾಗೆ ಬಂದಿದ್ದವು.

"ಇನ್ನೊಂದು ಸಲ ನೀವು ತೆಗೆಯಿರಿ" ಅಂದೆ ಷಡ್ಡಕರಿಗೆ. ಈ ಸಲ ನಾನು ಕ್ಯಾಮೆರಾ ನೋಡಲಿಲ್ಲ, ಕೈ ನೋಡಿದೆ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು, ಯಾರೋ ಒಳಗಿನಿಂದ ಸಣ್ಣಗೆ ದಾರ ಎಳೆಯುತ್ತಿದ್ದ ಹಾಗೆ, ನಿಲ್ಲದೆ ಅಲ್ಲಾಡುತ್ತಿದ್ದವು. ನಾನು ಕೈ ನೋಡುತ್ತಿರುವುದನ್ನು ಅವರು ನೋಡಿದರು. ಕ್ಯಾಮೆರಾವನ್ನು ಟವೆಲಿನ ಮೇಲಿಟ್ಟು, ಕೈಯನ್ನು ಮೇಜಿನ ಕೆಳಗೆ ತೆಗೆದುಕೊಂಡರು.

"ಏನಾಯ್ತು, ಸಿಕ್ತಾ?" ಅಂತ ನನ್ನ ಹೆಂಡತಿ ಕೇಳಿದಳು.

"ಸಿಕ್ತು. ಒಂದು ಸ್ಕ್ರೂ ಸಡಿಲ" ಅಂದೆ.

"ನಿಮ್ಮಿಬ್ಬರಲ್ಲಿ ಯಾರದು?" ಅಂದಳು. ಅಕ್ಕ ತಂಗಿ ನಕ್ಕರು. ಷಡ್ಡಕರೂ ಎಲ್ಲರಿಗಿಂತ ಜೋರಾಗಿ ನಕ್ಕರು.

ಮಧ್ಯಾಹ್ನ ಅಕ್ಕ ತಂಗಿ ಭಾತಿನ ಟ್ರೇಗಳನ್ನಿಟ್ಟುಕೊಂಡು ಒಂದು ಕಾರಿನಲ್ಲಿ ಹೋದರು. ನಾವಿಬ್ಬರು ನನ್ನ ಕಾರಿನಲ್ಲಿ. ಷಡ್ಡಕರು ಕ್ಯಾಮೆರಾದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಯಾವಾಗಿನಿಂದ?" ಅಂತ ನಾನೇ ಕೇಳಿದೆ.

"ಚಳಿಗಾಲದಿಂದ. ಸ್ನೋ ತೆಗೆದು ತೆಗೆದು ಕೈ ಸೋತಿದೆ ಅಂದ್ಕೊಂಡೆ."

"ನನ್ನ ನಾದಿನಿಗೆ ಗೊತ್ತಾ?"

"ಕ್ಯಾಮೆರಾ ಕೆಟ್ಟಿದೆ ಅಂತ ಗೊತ್ತು."

ಅವರು ಕಿಟಕಿಯ ಕಡೆ ತಿರುಗಿ ಹೇಳಿದರು: "ಕ್ಯಾಮೆರಾನೇ ಕೆಟ್ಟಿದ್ರೆ ಎಷ್ಟು ಚೆನ್ನಾಗಿತ್ತು ಭಾವ. ಆ ಹೂವು ಸಿಕ್ಕಿದಾಗ ನಾನು ನಿಜವಾಗ್ಲೂ ನಂಬಿಬಿಟ್ಟೆ."

"ಸೋಮವಾರ ಡಾಕ್ಟರ ಹತ್ತಿರ ಹೋಗೋಣ."

"ನೋಡೋಣ."

"ನೋಡುವುದೇನು? ಹೋಗೋಣ."

"ಅವಳಿಗೆ ಹೇಳಬೇಡಿ. ಅವಳು ಈಗಲೇ ರಾತ್ರಿಯಿಡೀ ಮಗಳ ಬಗ್ಗೆ, ಮೊಮ್ಮಗಳ ಬಗ್ಗೆ ಯೋಚನೆ ಮಾಡ್ತಾಳೆ. ನಾನೊಬ್ಬ ಸೇರಿದ್ರೆ ಜಾಗ ಸಾಲಲ್ಲ."

ಕ್ಯಾಮೆರಾಕ್ಕೆ ಸ್ಟ್ಯಾಂಡ್ ಹಾಕೋಣ ಅಂದೆ. ಬೇಡ ಅಂದರು. ಇಷ್ಟು ವರ್ಷ ಕೈಯಲ್ಲೇ ತೆಗೆದವನು ಇವತ್ತು ಸ್ಟ್ಯಾಂಡ್ ತಂದರೆ ಎಲ್ಲರೂ ಕೈಯನ್ನೇ ನೋಡುತ್ತಾರಂತೆ. ಹಾಗಾದರೆ ಟೈಮರ್ ಇಡೋಣ, ಮೇಜಿನ ಮೇಲಿಟ್ಟರೆ ತಾನೇ ತೆಗೆಯುತ್ತದೆ ಅಂದೆ.

"ಟೈಮರ್ ತೆಗೆದ ಫೋಟೋ ಟೈಮರ್‌ದು. ಅದಕ್ಕೆ ನಾನ್ಯಾಕೆ? ಆ ಹುಡುಗಿಯ ಗಂಡನೇ ತೆಗೀಲಿ."

ಕಾರನ್ನು ಹಾಲಿನ ಮುಂದೆ ನಿಲ್ಲಿಸಿದೆ.

ಹಾಲಿನಲ್ಲಿ ಭಾಷಣಗಳಾದವು, ಶಾಲು ಹೊದಿಸಿದ್ದಾಯಿತು, ಊಟವಾಯಿತು. ಮೊಸರನ್ನಕ್ಕೆ ಉಪ್ಪು ಕಡಿಮೆ ಅಂತ ಒಬ್ಬರು, ಬಿಪಿಗೆ ಅದೇ ಒಳ್ಳೆಯದು ಅಂತ ಇನ್ನೊಬ್ಬರು. ಆಮೇಲೆ ಫೋಟೋ. ಧಾರವಾಡದ ದಂಪತಿಯನ್ನು ನಡುವಿನ ಕುರ್ಚಿಗಳಲ್ಲಿ ಕೂರಿಸಿ, ಹೆಂಗಸರು ಮುಂದೆ, ಗಂಡಸರು ಹಿಂದೆ ನಿಂತೆವು. ಬಲಗಡೆಯ ತುದಿಯಲ್ಲಿ ಉಸ್ತುವಾರಿ ಹುಡುಗಿಯ ಗಂಡ ಫೋನನ್ನು ಕೈಯಲ್ಲೇ ಹಿಡಿದು, ಬದಲಿ ಆಟಗಾರನ ಹಾಗೆ ತಯಾರಾಗಿ ನಿಂತಿದ್ದ. ಒಳ್ಳೆಯ ಹುಡುಗ. ಅವನ ತಪ್ಪೇನೂ ಇಲ್ಲ.

ಷಡ್ಡಕರು ಒಂದು ತೆಗೆದರು. ಪರದೆ ನೋಡಿದರು. ಮುಖ ಎತ್ತಲಿಲ್ಲ.

"ಅಂಕಲ್, ಬಂತಾ?" ಅಂದಳು ಹುಡುಗಿ.

"ಇರಮ್ಮ, ಇನ್ನೊಂದು."

ಇನ್ನೊಂದು ತೆಗೆದರು. ಮತ್ತೆ ನೋಡಿದರು. ಈ ಸಲ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡಿದ್ದರು. ಧಾರವಾಡದ ಯಜಮಾನರು ಕುರ್ಚಿಯಿಂದಲೇ ಕೂಗಿದರು: "ಏನ್ರೀ ಸಾಹೇಬ್ರ, ಇನ್ನೂ ಎಷ್ಟೊತ್ತು ಕುಂದ್ರಬೇಕ್ರೀ? ಟೆಕ್ಸಸ್ ಇಲ್ಲಿಗೇ ಬಂದ್ಬಿಡತೈತಿ!" ಎಲ್ಲರೂ ನಕ್ಕರು. ಬಲತುದಿಯಲ್ಲಿ ಫೋನು 'ಹೊರಡಲೇ?' ಅನ್ನುವ ಹಾಗೆ ಮೆಲ್ಲಗೆ ಎದ್ದಿತು.

ಯೋಚನೆ ಮಾಡಿ ಮಾಡಿದೆ ಅಂತ ಹೇಳಲಾರೆ. ಸಾಲು ಬಿಟ್ಟು ಹೊರಗೆ ಬಂದೆ. ನೇರವಾಗಿ ಹೋಗಿ ಷಡ್ಡಕರ ಮುಂದೆ, ಅವರಿಗೆ ಬೆನ್ನು ಕೊಟ್ಟು, ಗುಂಪಿನ ಕಡೆ ಮುಖ ಮಾಡಿ ನಿಂತೆ.

"ಇದೇನು ಭಾವ, ಅಡ್ಡ ನಿಂತ್ರಿ?"

"ಅಡ್ಡವಲ್ಲ. ಹೆಗಲ ಮೇಲಿಡಿ."

ನನ್ನ ಬಲ ಹೆಗಲಿನ ಮೇಲೆ ಕ್ಯಾಮೆರಾ ಬಂದು ಕೂತಿತು. ಅದನ್ನು ಹಿಡಿದ ಕೈಗಳೂ ಕೂತವು. ಷರಟಿನ ಮೂಲಕ ಆ ನಡುಕ ನನ್ನ ಹೆಗಲಿಗೆ ತಿಳಿಯುತ್ತಿತ್ತು. ಬೆಳಿಗ್ಗೆ ಕಣ್ಣಲ್ಲಿ ಕಂಡಾಗ ಅದು ಇಷ್ಟು ದೊಡ್ಡದು ಅನ್ನಿಸಿರಲಿಲ್ಲ.

"ಅಂಕಲ್, ಇದ್ಯಾವ ಹೊಸ ಸ್ಟೈಲು?" ಅಂತ ಉಸ್ತುವಾರಿ ಹುಡುಗಿ ನಗುತ್ತ ಕೇಳಿದಳು.

ನಾನು ಬಾಯಿ ತೆರೆಯುವ ಮುಂಚೆ ಮುಂದಿನ ಸಾಲಿನಿಂದ ನಾದಿನಿ ಹೇಳಿದಳು: "ನಮ್ಮನೆ ಕ್ಯಾಮೆರಾ ಹಾಗೇ ಕಣಮ್ಮ. ಅದಕ್ಕೆ ಯಾರಾದ್ರೂ ಮನೆಯೋರೇ ಆಗಬೇಕು. ನೀನು ನೆಟ್ಟಗೆ ನಿಂತ್ಕೋ."

ಹೇಳುವಾಗ ಅವಳು ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಅವಳಿಗೆ ಗೊತ್ತಿತ್ತು. ಎಂದಿನಿಂದಲೋ ಗೊತ್ತಿತ್ತು. ಹೇಳಬೇಡಿ ಅನ್ನುವುದನ್ನು ಅವಳೂ ಆ ನೋಟದಲ್ಲೇ ಹೇಳಿಬಿಟ್ಟಳು. ಗಂಡ ಹೆಂಡತಿ ಇಬ್ಬರ ಗುಟ್ಟನ್ನೂ ಹೊತ್ತು ನಾನು ಅಲ್ಲಿ ಕಂಬದ ಹಾಗೆ ನಿಂತಿದ್ದೆ.

"ಉಸಿರಾಡಬೇಡಿ ಭಾವ" ಅಂತ ಕಿವಿಯ ಪಕ್ಕ ದನಿ.

"ಆಡುತ್ತಿಲ್ಲ. ಬೇಗ ಒತ್ತಿ."

"ಅರ್ಧ ಒತ್ತಿದ್ದೀನಿ. ಫೋಕಸ್ ಆಗ್ತಿದೆ."

"ಇನ್ನರ್ಧ ನನ್ನ ತಿಥಿಗೆ ಒತ್ತುತ್ತೀರಾ?"

ಹಿಂದಿನಿಂದ ಅವರು ನಕ್ಕಿದ್ದು ಬೆನ್ನಿಗೆ ತಿಳಿಯಿತು. ನಗುವಿನ ಕೊನೆಗೆ ಅವರು ಇಡೀ ತೋಳಿನ ಭಾರವನ್ನು ನನ್ನ ಮೇಲೆ ಬಿಟ್ಟರು. ಕಿವಿಯ ಹತ್ತಿರ 'ಕ್ಲಿಕ್' ಅಂತ ಸಣ್ಣ ಸದ್ದು. ಇಷ್ಟು ವರ್ಷ ಆ ಸದ್ದನ್ನು ನಾನು ದೂರ ನಿಂತೇ ಕೇಳಿದ್ದೆ.

ಪರದೆಯನ್ನು ನೋಡಲು ಉಸ್ತುವಾರಿ ಹುಡುಗಿಯೇ ಓಡಿ ಬಂದಳು. ದೊಡ್ಡದು ಮಾಡಿ ಸಾಲು ಸಾಲಾಗಿ ಸರಿಸಿದಳು. ಎಲ್ಲರಿಗೂ ಒಂದೊಂದೇ ಮೂಗು. ಧಾರವಾಡದ ಯಜಮಾನರ ಮೀಸೆಯ ಎಳೆ ಎಳೆ ಕಾಣುತ್ತಿತ್ತು, ಅವರ ಹೆಂಡತಿಯ ಕಣ್ಣಿನ ಅಂಚಿನಲ್ಲಿ ನಿಂತ ನೀರೂ ಕಾಣುತ್ತಿತ್ತು. "ಅಂಕಲ್, ಸೂಪರ್!" ಅಂದಳು. ಅವಳ ಗಂಡ ಫೋನನ್ನು ಜೇಬಿಗೆ ಹಾಕಿ ಮೊದಲು ಚಪ್ಪಾಳೆ ತಟ್ಟಿದ. ಹೇಳಲಿಲ್ಲವೇ, ಒಳ್ಳೆಯ ಹುಡುಗ ಅಂತ.

ದಂಪತಿ ಹೊರಡುವ ಮುಂಚೆ ಪ್ರತಿಯನ್ನು ಕೈಗೆ ಕೊಡಬೇಕು ಅಂತ ಷಡ್ಡಕರ ಹಟ. ಇಬ್ಬರೂ ಹತ್ತಿರದ ಔಷಧಿ ಅಂಗಡಿಗೆ ಹೋಗಿ, ಇಲ್ಲಿಯ ಇಂಥ ಅಂಗಡಿಗಳಲ್ಲಿ ಇರುವ ಫೋಟೋ ಅಚ್ಚು ಹಾಕುವ ಯಂತ್ರಕ್ಕೆ ಕಾರ್ಡು ತೂರಿಸಿದೆವು. ದೊಡ್ಡ ಪರದೆಯ ಮೇಲೆ ಫೋಟೋ ಬಂದಾಗಲೇ ನಾವು ಗಮನಿಸಿದ್ದು. ಎಡಗಡೆಯ ಅಂಚಿನಲ್ಲಿ, ಮೇಲಿನಿಂದ ಕೆಳಗಿನ ತನಕ, ಬೂದುಗುಂಬಳದ ಹೋಳಿನಂಥ ಮಸುಕಾದ ಏನೋ ಒಂದು.

"ಇದೇನು ಭಾವ?"

"ನನ್ನ ಕಿವಿ" ಅಂದೆ.

ಯಂತ್ರ ತಾನಾಗಿಯೇ ಕಾಗದದ ಅಳತೆಗೆ ಒಂದು ಬಿಳಿ ಚೌಕಟ್ಟು ಎಳೆದು, ಕಿವಿಯನ್ನು ಅಚ್ಚುಕಟ್ಟಾಗಿ ಆಚೆಗಿಟ್ಟಿತ್ತು. ಹಾಗೇ ಒಪ್ಪಿಕೊಂಡರೆ ಆಯಿತು, ಚೆನ್ನಾಗಿದೆ ಅಂದೆ. ಷಡ್ಡಕರು ಕೇಳಲಿಲ್ಲ. ನಡುಗುವ ಬೆರಳನ್ನು ಪರದೆಯ ಮೇಲಿಟ್ಟು, ಅದು ಜಾರಿದರೆ ಮತ್ತೆ ಇಟ್ಟು, ಚೌಕಟ್ಟನ್ನು ಎಡಕ್ಕೆ ಎಳೆಯತೊಡಗಿದರು. ಅಲ್ಲಿ ಯಾರೂ ನೋಡುವವರಿರಲಿಲ್ಲ, ಕೈಯನ್ನು ಬಚ್ಚಿಡಲಿಲ್ಲ. ಕಿವಿ ಪೂರ್ತಿ ಒಳಗೆ ಬಂತು. ಅಷ್ಟಕ್ಕೆ ಬಲಗಡೆಯ ತುದಿಯಲ್ಲಿದ್ದ ಹುಡುಗಿಯ ಗಂಡ, ಫೋನಿನ ಸಮೇತ, ಆಚೆ ಹೋದ.

"ಪಾಪ ಕಣ್ರೀ" ಅಂದೆ.

"ಅವನನ್ನ ಮುಂದಿನ ತಿಂಗಳು ತೆಗೀತೀನಿ" ಅಂದರು. ಆಮೇಲೆ ನನ್ನ ಕಡೆ ತಿರುಗದೆ ಕೇಳಿದರು: "ಸೋಮವಾರ ಎಷ್ಟು ಗಂಟೆಗೆ ಬರ್ತೀರಿ?"

"ಒಂಬತ್ತೂವರೆಗೆ. ತಯಾರಾಗಿರಬೇಕು, ನಾನು ಕಾಯುವವನಲ್ಲ."

ಷಡ್ಡಕರು ತಲೆಯಾಡಿಸಿ, 'ಪ್ರಿಂಟ್' ಅನ್ನುವುದರ ಮೇಲೆ ಬೆರಳಿಟ್ಟರು. ಯಂತ್ರ ಗುಂಯ್‌ಗುಟ್ಟಿ, ಇನ್ನೂ ಬೆಚ್ಚಗಿದ್ದ ಫೋಟೋವೊಂದನ್ನು ನಮ್ಮ ಮುಂದೆ ಇಳಿಸಿತು.